ನಾಯಿ ಬೊಗಳಿದರೆ ಕೇಳುವವರು ಯಾರು?

ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಬೋರ್ಡು. ಗೇಟು ದಾಟಿ ಹತ್ತು ಹೆಜ್ಜೆಗೆ ತಲೆಬಾಗಿಲು. ಆ ಬಾಗಿಲಿಗೆ ಅಂಗೈಯಗಲದ ಹಿತ್ತಾಳೆ ಕೀಲಿ, ಅಂದರೆ ಬೀಗ, ಹೊರಗಿನಿಂದ ತೂಗುತ್ತಿದೆ. ಬಳ್ಳಾರಿಯ ಗಾಂಧಿನಗರವಿರಲಿ, ರಾಯಚೂರಿನ ಹೊಸ ಬಡಾವಣೆಯಿರಲಿ, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳ ಹಿಂದಿನ ಓಣಿಯಿರಲಿ, ಈ ನೋಟ ಎಲ್ಲ ಕಡೆ ಸಿಗುತ್ತದೆ. ಬೋರ್ಡು ‘ಒಳಗೆ ಕಾಲಿಡಬೇಡ’ ಅನ್ನುತ್ತಿದೆ. ಕೀಲಿ ‘ಮನೆಯಲ್ಲಿ ಯಾರೂ ಇಲ್ಲ’ ಅನ್ನುತ್ತಿದೆ. ಕದಿಯಲು ಬಂದವನು ಇವೆರಡರಲ್ಲಿ ಯಾವ ಮಾತನ್ನು ನಂಬುತ್ತಾನೆ ಅನ್ನುವುದೇ ಇಲ್ಲಿರುವ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಿ ಕಳ್ಳನನ್ನು ತಡೆಯುತ್ತದೆ, ಆದರೆ ಅದರ ಹಲ್ಲಿಗಿಂತ ಗಂಟಲು ಹೆಚ್ಚು ಕೆಲಸ ಮಾಡುತ್ತದೆ. ಆ ಗಂಟಲಿಗೆ ಓಗೊಡುವ ಮನುಷ್ಯನ ಕಿವಿ ಹತ್ತಿರದಲ್ಲಿರಬೇಕು. ಬೋರ್ಡು ‘ಇಲ್ಲೊಂದು ದನಿ ಇದೆ’ ಎಂದು ಮುಂಚೆಯೇ ತಿಳಿಸುವ ತಗಡು. ಹಿಂದೆ ದನಿ ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಬಣ್ಣ ಬಯಲಾಗುತ್ತದೆ.

ಕಳ್ಳ ಮನೆಯನ್ನು ಹೇಗೆ ಓದುತ್ತಾನೆ ಎಂಬುದರಿಂದ ಶುರು ಮಾಡೋಣ. ನಮ್ಮ ಕಡೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ತಿಳಿಯಲು ಬಾಗಿಲು ತಟ್ಟಬೇಕಿಲ್ಲ. ಬೆಳಗ್ಗೆ ಆರೂವರೆಗೆ ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಕಸ ಗುಡಿಸಿ, ನೀರು ಹೊಡೆದು, ರಂಗೋಲಿ ಎಳೆದ ಅಂಗಳಗಳ ನಡುವೆ ಒಣಗಿದ ಅಂಗಳ ಒಂದೇ ಒಂದು ಇದ್ದರೂ ಕಣ್ಣಿಗೆ ಬೀಳುತ್ತದೆ. ಮೊನ್ನೆಯ ರಂಗೋಲಿ ಅರ್ಧ ಅಳಿಸಿದೆ. ಹೊಸ್ತಿಲ ಮೇಲೆ ಕೆಂಧೂಳು ಕೂತಿದೆ. ಗೇಟಿನ ಸರಳಿಗೆ ಸಿಕ್ಕಿಸಿದ ಪೇಪರು ಎರಡು ದಿನದ್ದು. ಮಧ್ಯಾಹ್ನ ಹನ್ನೆರಡಾದರೂ ಹೊರಗಿನ ಲೈಟು ಉರಿಯುತ್ತಲೇ ಇದೆ. ನಳದ ನೀರು ಬಂದ ದಿನ ಓಣಿಗೆ ಓಣಿಯೇ ಕೊಡ ಹಿಡಿದು ಎದ್ದು ಕೂತಿರುತ್ತದೆ, ಎಲ್ಲರ ಮೋಟಾರೂ ಓಡುತ್ತಿರುತ್ತದೆ, ಈ ಒಂದು ಮನೆಯದು ಮಾತ್ರ ಇಲ್ಲ. ಇವೆಲ್ಲ ಯಾರೂ ಬರೆಯದ ಬೋರ್ಡುಗಳು. ಇವುಗಳ ಮುಂದೆ ಗೇಟಿನ ಮೇಲಿನ ಎರಡಿಂಚಿನ ಅಕ್ಷರ ಏನೇನೂ ಅಲ್ಲ.

ಕಳ್ಳರನ್ನೇ ಕೂರಿಸಿ ಕೇಳಿದ ಅಧ್ಯಯನಗಳೂ ಇವೆ. ಅಮೆರಿಕದ ಉತ್ತರ ಕ್ಯಾರೊಲಿನಾ, ಕೆಂಟಕಿ, ಓಹಾಯೊ ರಾಜ್ಯಗಳ ಜೈಲುಗಳಲ್ಲಿದ್ದ 422 ಮನೆಗಳ್ಳರನ್ನು ಕೇಳಿ 2012ರಲ್ಲಿ ವರದಿಯೊಂದು ಬಂತು. ಕನ್ನ ಹಾಕುವ ಮುಂಚೆ ಅಲಾರಂ ಇದೆಯೇ ಎಂದು ನೋಡುತ್ತೇವೆ ಅಂದವರು ಶೇ. 83ರಷ್ಟು. ಇದ್ದರೆ ಬೇರೆ ಮನೆ ಹುಡುಕುತ್ತೇವೆ ಅಂದವರು ಶೇ. 60ರಷ್ಟು. ಮನೆ ಆರಿಸುವಾಗ ಏನೇನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ ಅಂದದ್ದಕ್ಕೆ ಹೆಚ್ಚಿನವರು ಹೇಳಿದ್ದು ಹತ್ತಿರದಲ್ಲಿ ಜನ ಇರುವುದು, ಓಡಿಹೋಗಲು ದಾರಿ ಇಲ್ಲದಿರುವುದು, ಅಲಾರಂ ಮತ್ತು ಅದರ ಬೋರ್ಡು, ಹೊರಗಿನ ಕ್ಯಾಮೆರಾ, ಮನೆಯ ಒಳಗಿರುವ ನಾಯಿ. ‘ಒಳಗಿರುವ’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಅಧ್ಯಯನ ಓಹಾಯೊದ ಕೊಲಂಬಸ್ ನಗರದ್ದು, 2022ರಲ್ಲಿ ಪ್ರಕಟವಾಯಿತು. ನಾಯಿ ಸಾಕಿದ ಮನೆಗಳು ಹೆಚ್ಚಿರುವ ಬಡಾವಣೆಗಳಲ್ಲಿ ಆಸ್ತಿ ಸಂಬಂಧಿ ಅಪರಾಧ ಕಡಿಮೆ ಇತ್ತು. ಸುಲಿಗೆಯಂಥ ಬೀದಿ ಅಪರಾಧಗಳು ತಗ್ಗಿದ್ದು ಮಾತ್ರ ಜನ ಒಬ್ಬರನ್ನೊಬ್ಬರು ನಂಬುವ ಬಡಾವಣೆಗಳಲ್ಲಿ. ನಾಯಿ ಹಿಡಿದು ಸುತ್ತಾಡುವವರು ರಸ್ತೆಗೆ ಕಣ್ಣಾಗುತ್ತಾರೆ, ಆ ಕಣ್ಣುಗಳಿಗೆ ನೆರೆಯವರ ಪರಿಚಯವೂ ಇರಬೇಕು ಎಂಬುದು ಸಂಶೋಧಕರು ಕೊಟ್ಟ ವಿವರಣೆ. ಇದು ಎರಡು ಸಂಗತಿಗಳ ನಡುವಿನ ನಂಟೇ ಹೊರತು ಕಾರಣದ ಪುರಾವೆಯಲ್ಲ. ಅಮೆರಿಕದ ಬಡಾವಣೆ ಬೇರೆ, ನಮ್ಮ ಓಣಿ ಬೇರೆ. ಆದರೂ ಒಂದು ಮಾತು ಇಲ್ಲಿಗೂ ಒಪ್ಪುತ್ತದೆ: ನಾಯಿ ಒಂಟಿಯಾಗಿ ಮನೆ ಕಾಯುವುದಿಲ್ಲ, ಓಣಿಯ ಜೊತೆ ಸೇರಿ ಕಾಯುತ್ತದೆ.

ಈಗ ಬೋರ್ಡಿನ ವಿಚಾರ. ತೊಂಬತ್ತರ ದಶಕದಲ್ಲಿ ನಮ್ಮ ಊರೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಸುಣ್ಣದಲ್ಲೋ ಇದ್ದಿಲಲ್ಲೋ ಬರೆದಿದ್ದನ್ನು ನೆನಪಿರುವವರು ಬಹಳ ಜನ. ಆ ಬರಹ ಓದಿ ಹಿಂದಿರುಗುವ ದೆವ್ವಕ್ಕೆ ಅದನ್ನು ಪರೀಕ್ಷಿಸಿ ನೋಡುವ ಚಟ ಇರಲಿಲ್ಲ. ಕಳ್ಳನಿಗೆ ಆ ಚಟ ಇದೆ. ‘ನಾಯಿ ಇದೆ’ ಬೋರ್ಡು ಕಂಡವನು ಗೇಟಿನ ಅಗಳಿಯನ್ನು ಎರಡು ಸಲ ಕಟಕಟ ಅನ್ನಿಸುತ್ತಾನೆ. ಇಲ್ಲವೇ ಬೆಲ್ ಒತ್ತಿ, ಬೇರೆ ಯಾರದೋ ಮನೆ ಕೇಳುವವನಂತೆ ನಿಲ್ಲುತ್ತಾನೆ. ನಾಯಿ ಇರುವ ಮನೆ ಒಂದೆರಡು ಉಸಿರಿನೊಳಗೆ ಸದ್ದು ಮಾಡುತ್ತದೆ. ಮೌನವಾಗಿದ್ದರೆ ಬೋರ್ಡು ಸುಳ್ಳು.

ನಾಯಿ ಇದ್ದ ಮನೆಗೆ ಅದರದೇ ಗುರುತುಗಳಿರುತ್ತವೆ. ಗೇಟಿನ ಕೆಳಭಾಗದ ಪೇಂಟು ಉಗುರಿನಿಂದ ಕೆರೆದು ಹೋಗಿರುತ್ತದೆ. ಕಾಂಪೌಂಡಿನ ಮೂಲೆಯಲ್ಲಿ ಮಣ್ಣು ತೋಡಿ ಮಾಡಿಕೊಂಡ ತಂಪು ಗುಂಡಿ ಇರುತ್ತದೆ. ನೀರಿನ ಬೋಗುಣಿ, ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಒದ್ದೆ ಹೆಜ್ಜೆ, ಬಾಗಿಲ ಚೌಕಟ್ಟಿಗೆ ಅಂಟಿದ ಕೂದಲು. ಇವು ಯಾವುವೂ ಇಲ್ಲದೆ ಬಿಸಿಲಿಗೆ ಬೆಳ್ಳಗಾದ ಫ್ಲೆಕ್ಸ್ ಬೋರ್ಡು ಒಂದೇ ನೇತಾಡುತ್ತಿದ್ದರೆ ‘ಹಿಂದೆ ಯಾವಾಗಲೋ ಒಂದು ನಾಯಿ ಇತ್ತು’ ಎಂದು ಅದೇ ಸಾರಿ ಹೇಳುತ್ತದೆ. ನಮ್ಮ ಬಿಸಿಲಿಗೆ ಫ್ಲೆಕ್ಸ್ ಬೇಗ ಬಣ್ಣ ಬಿಡುತ್ತದೆ. ಬೋರ್ಡು ಬೇಕೆಂದಿದ್ದರೆ ತಗಡಿನ ಮೇಲೆ ಎನಾಮೆಲ್ ಪೇಂಟಿನಲ್ಲಿ ಬರೆಸಿ. ಅಕ್ಷರದ ಎತ್ತರಕ್ಕೆ ಪೇಂಟರುಗಳ ಲೆಕ್ಕವೊಂದಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು. ರಸ್ತೆಯ ಆಚೆ ಬದಿಯಿಂದ, ಅಂದರೆ ಸುಮಾರು 20 ಅಡಿಯಿಂದ ಓದಬೇಕೆಂದರೆ ಎರಡಿಂಚಿನ ಅಕ್ಷರ ಬೇಕು. 12 ಇಂಚು ಅಗಲ, 8 ಇಂಚು ಎತ್ತರದ ತಗಡಿನಲ್ಲಿ ಎರಡು ಸಾಲು ಹಿಡಿಯುತ್ತದೆ. ನೆಲದಿಂದ ನಾಲ್ಕೂವರೆಯಿಂದ ಐದು ಅಡಿ ಎತ್ತರದಲ್ಲಿ ಹಾಕಿ. ಬಳ್ಳಾರಿ, ರಾಯಚೂರುಗಳಲ್ಲಿ ಓಣಿಗೆ ಬಂದುಹೋಗುವವರಲ್ಲಿ ತೆಲುಗು ಓದುವವರಿದ್ದಾರೆ, ಉರ್ದು ಓದುವವರಿದ್ದಾರೆ, ಯಾವುದನ್ನೂ ಓದದವರೂ ಇದ್ದಾರೆ. ಒಂದು ನಾಯಿಯ ಚಿತ್ರ ಎಲ್ಲರಿಗೂ ಅರ್ಥವಾಗುತ್ತದೆ. ಇನ್ನೊಂದು ಬೋರ್ಡು ಹಿತ್ತಿಲ ಕಡೆ ಬೇಕು. ಅಲ್ಲಿ ಯಾರೂ ಹಾಕುವುದಿಲ್ಲ, ಕಳ್ಳ ಅಲ್ಲಿಂದಲೂ ಬರಬಹುದು.

ಬೋರ್ಡಿನಿಂದ ನಿಜವಾದ ಉಪಕಾರ ಆಗುವುದು ಬೇರೆಯವರಿಗೆ. ಜೆಸ್ಕಾಂನಿಂದ ಕರೆಂಟಿನ ಮೀಟರ್ ಓದಲು ಬರುವವರು, ಆಶಾ ಕಾರ್ಯಕರ್ತೆ, ಗ್ಯಾಸ್ ಸಿಲಿಂಡರ್ ತರುವವರು, ಪೇಪರ್ ಹಾಕುವ ಹುಡುಗ. ಇವರನ್ನು ಕಾಪಾಡುವುದಕ್ಕಾದರೂ ಬೋರ್ಡು ಇರಲೇಬೇಕು. ‘ನಾಯಿ ಇದೆ’ ಅನ್ನುವುದಕ್ಕಿಂತ ‘ನಾಯಿ ಬಿಟ್ಟಿದೆ, ಬೆಲ್ ಒತ್ತಿ ಹೊರಗೇ ನಿಲ್ಲಿ’ ಎಂದು ಬರೆಸುವುದು ಮೇಲು, ಏಕೆಂದರೆ ಬಂದವರು ಏನು ಮಾಡಬೇಕು ಅನ್ನುವುದನ್ನು ಅದು ಹೇಳುತ್ತದೆ. ಹಾಗೆ ಬರೆಸಿದ ಮೇಲೆ ಬೆಲ್ ಗೇಟಿನ ಹೊರಗಡೆಯೇ ಇರಬೇಕು. ಎಷ್ಟೋ ಮನೆಗಳಲ್ಲಿ ಬೋರ್ಡು ಗೇಟಿಗೆ, ಬೆಲ್ ತಲೆಬಾಗಿಲಿಗೆ. ಬೆಲ್ ಒತ್ತಬೇಕೆಂದರೆ ನಾಯಿಯನ್ನು ದಾಟಿಯೇ ಹೋಗಬೇಕು!

ಬೋರ್ಡು ಹಾಕಿದ ಮಾತ್ರಕ್ಕೆ ಮಾಲೀಕರ ಹೊಣೆ ತೀರಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಸಾಕಿದ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಸಾಕಷ್ಟು ಎಚ್ಚರ ವಹಿಸದಿದ್ದರೆ ಆರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಕಚ್ಚುವ ನಾಯಿ ಇದೆ’ ಎಂದು ಬರೆಸಿ ಗೇಟು ತೆರೆದಿಟ್ಟರೆ, ನಾಯಿ ಕಚ್ಚುತ್ತದೆ ಎಂದು ಮಾಲೀಕರಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ಆ ಬೋರ್ಡೇ ಹೇಳುತ್ತದೆ. ಗೇಟು ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್, ನಾಯಿ ತಲೆ ತೂರಿಸಲಾಗದಷ್ಟು ಕಿರಿದಾದ ಸರಳಿನ ಸಂದು, ಅದರ ಜೊತೆಗೆ ಬೋರ್ಡು, ಈ ಮೂರೂ ಬೇಕು.

ಇನ್ನು ನಾಯಿ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂದು ಕೀಳು ಮಾಡಿ ಹೇಳುತ್ತೇವೆ. ಮನೆ ಕಾಯಲು ಬೇಕಾದದ್ದು ಅಂಥ ನಾಯಿಯೇ. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿದರೆ ನಾಯಿಯ ಕಿವಿ ಅದರ ಎರಡು ಪಟ್ಟಿಗೂ ಮೀರಿ, 45 ಕಿಲೋಹರ್ಟ್ಸ್‌ನಷ್ಟು ಎತ್ತರದ ಸದ್ದು ಹಿಡಿಯುತ್ತದೆ. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿದ ಸಣ್ಣ ಕಿರುಗುಡುವಿಕೆ ನಮಗೆ ಕೇಳದಿದ್ದರೂ ಅದಕ್ಕೆ ಕೇಳುತ್ತದೆ. ಅದರ ನಿದ್ದೆಯೂ ತುಂಡು ತುಂಡು, ಬೇಗ ಎಚ್ಚರಾಗುತ್ತದೆ. ಹೀಗಾಗಿ ಗಾತ್ರ ಅಂಥ ದೊಡ್ಡ ಮಾತಲ್ಲ. ಬಾಗಿಲ ಒಳಗೆ ಕೂತು ಕಿರುಚುವ ಪುಟ್ಟ ಪೊಮೇರಿಯನ್, ಗೇಟಿಗೆ ಕಟ್ಟಿಹಾಕಿದ ದೊಡ್ಡ ಜರ್ಮನ್ ಶೆಫರ್ಡಿಗಿಂತ ಮೇಲು. ಒಳಗಿನ ನಾಯಿಯ ಗಾತ್ರ ಕಳ್ಳನಿಗೆ ಕಾಣದು, ಅದನ್ನು ಅವನು ಅಳೆಯಲಾರ, ತಣ್ಣಗೆ ಮಾಡಲಾರ. ಕಟ್ಟಿದ ನಾಯಿಯನ್ನು ಒಂದು ಹಗಲು ನೋಡಿದರೆ ಸರಪಳಿಯ ಉದ್ದ ಗೊತ್ತಾಗುತ್ತದೆ. ಆರಡಿ ಸರಪಳಿ ಎಂದರೆ ಏಳನೇ ಅಡಿಯಿಂದಾಚೆ ಅವನಿಗೆ ರಾಜಮಾರ್ಗ.

ಸದಾ ಕಟ್ಟಿಹಾಕುವುದರ ಕೆಡುಕು ಇಷ್ಟಕ್ಕೇ ಮುಗಿಯುವುದಿಲ್ಲ. ಹಗಲೆಲ್ಲ ಕಟ್ಟಿದ ನಾಯಿ ಬೇಸರಕ್ಕೆ ಬೊಗಳುತ್ತದೆ. ಕಾಗೆಗೆ ಬೊಗಳುತ್ತದೆ, ಸೈಕಲ್ಲಿಗೆ ಬೊಗಳುತ್ತದೆ, ಸೊಪ್ಪು ಮಾರುವವರಿಗೆ ಬೊಗಳುತ್ತದೆ. ತಿಂಗಳೊಪ್ಪತ್ತಿನಲ್ಲಿ ನೆರೆಮನೆಯವರ ಕಿವಿ ಅದಕ್ಕೆ ಮಂದವಾಗುತ್ತದೆ. ಆಮೇಲೆ ರಾತ್ರಿ ಎರಡಕ್ಕೆ ಅದು ಪ್ರಾಣ ಹೋಗುವಂತೆ ಕೂಗಿದರೂ ‘ಅದರ ಕತೆ ದಿನಾ ಇದ್ದದ್ದೇ’ ಎಂದು ಜನ ಮಗ್ಗುಲು ಬದಲಿಸುತ್ತಾರೆ. ಬೀದಿ ನಾಯಿಗಳು ರಾತ್ರಿಯಿಡೀ ಜಗಳವಾಡುವ ಓಣಿಯಲ್ಲಂತೂ ಒಂದು ದನಿ ಹೆಚ್ಚಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ವಿಪರೀತ ಹೊತ್ತು, ಗಿಡ್ಡ ಇಲ್ಲವೇ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಕಟ್ಟುವುದು, ಕಟ್ಟಿದ ನಾಯಿಗೆ ಓಡಾಟವನ್ನೇ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧವೂ ಹೌದು.

ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ, ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಬೇರೆ ಊರಿನವರಿಗೆ ಹೇಳಿದರೆ ಬೇಗ ಅರ್ಥವಾಗದು. ಏಪ್ರಿಲ್, ಮೇ ತಿಂಗಳಲ್ಲಿ ಮನೆಮನೆಯಲ್ಲೂ ಕೂಲರ್ ಗುಂಯ್‌ಗುಡುತ್ತಿರುತ್ತದೆ. ಕಿಟಕಿ ಬಾಗಿಲು ಹಾಕಿ, ತಲೆ ಪಕ್ಕದಲ್ಲೇ ಕೂಲರ್ ಓಡಿಸಿಕೊಂಡು ಮಲಗಿದವರಿಗೆ ಅಂಗಳದ ನಾಯಿ ಬೊಗಳಿದ್ದು ಕೇಳುವುದಿಲ್ಲ, ನೆರೆಯವರಿಗೂ ಕೇಳುವುದಿಲ್ಲ. ಕೂಲರ್ ಇಲ್ಲದವರು, ಕರೆಂಟು ಹೋದವರು ಮಾಳಿಗೆ ಮೇಲೆ ಮಲಗುತ್ತಾರೆ. ಸೆಖೆ ಹೊರಹೋಗಲಿ ಎಂದು ಕೆಳಗಿನ ಬಾಗಿಲನ್ನು ಓರೆ ಮಾಡಿಯೋ, ಹೊರಗಿನಿಂದ ಬರೀ ಚಿಲಕ ಹಾಕಿಯೋ ಮೇಲೆ ಬರುತ್ತಾರೆ. ನಾಯಿಯೂ ಯಜಮಾನರ ಹಿಂದೆಯೇ ಮೆಟ್ಟಿಲು ಹತ್ತುತ್ತದೆ. ಕೆಳಗೆ ಅಲ್ಮೇರಾ ಇರುವ ಕೋಣೆ, ಮೇಲೆ ಮನೆಯವರೆಲ್ಲ ಮತ್ತು ಕಾವಲು. ಮಾಳಿಗೆ ಮೇಲೆ ಮಲಗುವ ಮನೆಯಲ್ಲಿ ನಾಯಿ ಕೆಳಗಿನ ಪಡಸಾಲೆಯಲ್ಲಿ ಫ್ಯಾನಿನಡಿ ಮಲಗಬೇಕು, ಬಾಗಿಲಿಗೆ ಕೀಲಿ ಬೀಳಬೇಕು, ಮೆಟ್ಟಿಲ ತಲೆಯ ಬಾಗಿಲಿನ ಜಾಲರಿಯಿಂದ ನಾಯಿಯ ದನಿ ಮೇಲೆ ಬರುವಂತಿರಬೇಕು. ಕೂಲರ್ ಮನೆಯಲ್ಲಾದರೆ ನಾಯಿ ಮಲಗುವ ಜಾಗ ಅಂಗಳವಲ್ಲ, ಮಲಗುವ ಕೋಣೆಯ ಬಾಗಿಲ ಹೊರಗಿನ ಜಾಗ.

ಅದೇ ಕೂಲರಿನ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕಿಟಕಿಗೆ ಕೂಲರ್ ಕೂರಿಸಲು ಗ್ರಿಲ್ಲಿನ ಸರಳು ಕತ್ತರಿಸಿರುತ್ತಾರೆ, ಸುಮಾರು ಒಂದೂವರೆಯಿಂದ ಎರಡು ಅಡಿ ಚೌಕ. ಹೊರಗೆ ಸ್ಟ್ಯಾಂಡಿನ ಮೇಲೆ ಕೂತ ಕೂಲರನ್ನು ಇಬ್ಬರು ಪಕ್ಕಕ್ಕೆ ಜರುಗಿಸಿದರೆ ಒಬ್ಬ ಮನುಷ್ಯ ತೂರುವ ಕಿಂಡಿ ತೆರೆಯುತ್ತದೆ. ಮನೆಗೆ ಎಂಥ ಕೀಲಿ ಹಾಕಿದ್ದರೂ ಅಷ್ಟೇ. ವೆಲ್ಡಿಂಗ್ ಅಂಗಡಿಯಲ್ಲಿ ಆ ಕಿಂಡಿಯ ಅಳತೆಗೆ 10 ಅಥವಾ 12 ಮಿಲಿಮೀಟರ್ ಸರಳಿನ ಚೌಕಟ್ಟು ಮಾಡಿಸಿ, ನಾಲ್ಕಿಂಚಿಗೊಂದು ಸರಳು ಬರುವಂತೆ, ಕೂಲರಿನ ಮೂತಿಗೂ ಕೋಣೆಗೂ ನಡುವೆ ಕೂರಿಸಿ. ಗಾಳಿ ಅಷ್ಟೇನೂ ಕಡಿಮೆಯಾಗುವುದಿಲ್ಲ. ಬೋಲ್ಟಿನ ನಟ್ಟು ಕೋಣೆಯ ಒಳಗಡೆ ಬರಲಿ. ಬೋರ್ಡಿಗೆ ಖರ್ಚು ಮಾಡುವ ಮುಂಚೆ ಆಗಬೇಕಾದ ಕೆಲಸ ಇದು.

ನಾಯಿಯ ಸೋಲು ಎಲ್ಲೆಲ್ಲಿ ಎಂಬುದನ್ನೂ ಹೇಳಬೇಕು. ಮನೆಗೆ ಬಂದುಹೋಗಿ ಪರಿಚಯವಾದವರಿಗೆ ಅದು ಬಾಲ ಅಲ್ಲಾಡಿಸುತ್ತದೆ. ಗುಂಪು ಕಟ್ಟಿ ಹಾರೆ, ಸಲಾಕಿ ಹಿಡಿದು ಬರುವವರು ಒಂದು ನಾಯಿಗೆ ಹೆದರುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ವಿಷ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಸೀಮೆಯಲ್ಲಿ ಕೀಟನಾಶಕದ ಡಬ್ಬಿ ಎಲ್ಲ ಕಡೆ ಸಿಗುತ್ತದೆ. ಒಂದು ತುಂಡು ಮಾಂಸಕ್ಕೆ ಅದನ್ನು ಸವರಿ ಕಾಂಪೌಂಡಿನೊಳಗೆ ಎಸೆದರೆ ಮುಗಿಯಿತು. ರಾತ್ರಿ ನಾಯಿಯನ್ನು ಅಂಗಳದಲ್ಲಿ ಬಿಡದೆ ಮನೆಯೊಳಗೆ ಮಲಗಿಸಿ ಅನ್ನುವುದಕ್ಕೆ ಇದು ನನ್ನ ಮಟ್ಟಿಗೆ ಅತಿ ದೊಡ್ಡ ಕಾರಣ. ಬಾಯಲ್ಲಿ ಜೊಲ್ಲು ಸುರಿಯುವುದು, ಮೈ ನಡುಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುವುದು ಕಂಡರೆ ಹಾಲು, ಎಣ್ಣೆ, ಉಪ್ಪುನೀರು ಎಂದು ಮನೆಮದ್ದಿಗೆ ಹೋಗಬೇಡಿ. ಹೊತ್ತು ಕಳೆಯುತ್ತದೆ, ಗಂಟಲಿಗೆ ಸುರಿದದ್ದು ಶ್ವಾಸಕೋಶಕ್ಕೂ ಇಳಿಯಬಹುದು. ಅದಕ್ಕೆ ಬೇಕಾದದ್ದು ಅಟ್ರೊಪಿನ್ ಇಂಜೆಕ್ಷನ್, ಕೊಡಬೇಕಾದವರು ಪಶುವೈದ್ಯರು. ಸಹಾಯವಾಣಿ 1962 ನಂಬರನ್ನು ಫೋನಿನಲ್ಲಿ ಉಳಿಸಿಕೊಂಡಿರಿ.

ಬೇರೆಯವರು ಕೊಟ್ಟದ್ದನ್ನು ತಿನ್ನದಂತೆ ಕಲಿಸಬಹುದು. ಮರಿಯಿದ್ದಾಗಿಂದ ಒಂದೇ ಜಾಗದಲ್ಲಿ, ಒಂದೇ ಬೋಗುಣಿಯಲ್ಲಿ ಊಟ ಹಾಕಿ. ನಾಯಿಗೆ ಪರಿಚಯವಿಲ್ಲದ ಒಬ್ಬರಿಂದ ಬಿಸ್ಕತ್ತು ನೆಲಕ್ಕೆ ಹಾಕಿಸಿ. ಅದು ಮೂತಿ ಚಾಚಿದರೆ ಅವರು ಅಂಗೈಯಿಂದ ಮುಚ್ಚಿಬಿಡಲಿ. ನಾಯಿ ಹಿಂದೆ ಸರಿದು ನಿಮ್ಮ ಮುಖ ನೋಡಿದ ಕ್ಷಣ ನಿಮ್ಮ ಕೈಯಿಂದ ಅದಕ್ಕಿಂತ ರುಚಿಯಾದದ್ದು, ಒಂದು ಚೂರು ಬೇಯಿಸಿದ ಮೊಟ್ಟೆಯೋ ಕೋಳಿಯೋ ಸಿಗಬೇಕು. ದಿನಕ್ಕೆ ಹತ್ತು ನಿಮಿಷ, ಮೂರು ನಾಲ್ಕು ವಾರ, ಬೇರೆ ಬೇರೆ ಜನ, ಬೇರೆ ಬೇರೆ ಜಾಗ. ಹಸಿದ ನಾಯಿಗೆ ಈ ಪಾಠ ಹತ್ತುವುದಿಲ್ಲ. ಹತ್ತಿದ ಮೇಲೂ ಪೂರ್ತಿ ನಂಬಬಾರದು. ಬೊಗಳುವುದಕ್ಕೂ ಅಷ್ಟೇ ಶಿಸ್ತು ಬೇಕು. ಗೇಟು ಸದ್ದಾದಾಗ ನಾಯಿ ಬೊಗಳಿತು ಅನ್ನಿ. ಗದರಬೇಡಿ. ಎದ್ದು ಹೋಗಿ ನೋಡಿ, ‘ಸಾಕು’ ಅನ್ನಿ, ಸುಮ್ಮನಾದ ಕೂಡಲೇ ಬೆನ್ನು ತಟ್ಟಿ ಏನಾದರೂ ಕೊಡಿ. ಬೊಗಳಿದಾಗಲೆಲ್ಲ ಗದರಿಸಿಕೊಂಡ ನಾಯಿ ಬೇಕಾದ ಹೊತ್ತಿನಲ್ಲೂ ಬಾಯಿ ಮುಚ್ಚಿಕೊಂಡಿರುತ್ತದೆ. ಬೊಗಳಿದರೆ ಮನುಷ್ಯರು ಎದ್ದು ಬರುತ್ತಾರೆ ಎಂಬುದು ಅದರ ತಲೆಯಲ್ಲಿ ಕೂರಬೇಕು.

ಯಾವ ತಳಿ ಎಂದು ಕೇಳುವವರಿಗೆ ಒಂದೇ ಉತ್ತರ, ನಾಟಿ ನಾಯಿ. ನಮ್ಮ 42 ಡಿಗ್ರಿ ಬಿಸಿಲನ್ನು ಅದು ತಾಳುತ್ತದೆ, ಅಪರಿಚಿತರನ್ನು ಬೇಗ ನಂಬುವುದಿಲ್ಲ, ದನಿ ಚುರುಕು. ಮುಧೋಳ ಚೆಂದದ ನಾಯಿ, ನಮ್ಮದೇ ನಾಯಿ, ಆದರೆ ಅದು ಕಣ್ಣಿನಿಂದ ಬೇಟೆ ಹಿಡಿದು ಓಡುವ ತಳಿ. 30×40 ಅಡಿ ಸೈಟಿನ ಮನೆಯಲ್ಲಿ ಕೂಡಿಹಾಕಿದರೆ ಕೊರಗುತ್ತದೆ. ಲ್ಯಾಬ್ರಡಾರ್ ಯಾರು ಬಂದರೂ ನೆಂಟರೆಂದೇ ತಿಳಿಯುತ್ತದೆ. ಹಸ್ಕಿ, ಸೇಂಟ್ ಬರ್ನಾರ್ಡ್‌ಗಳನ್ನು ರಾಯಚೂರಿನ ಮೇ ತಿಂಗಳಿಗೆ ತಂದಿಡುವುದು ಕ್ರೌರ್ಯ. ಯಾವುದೇ ಆಗಲಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷವರ್ಷ. 20 ಕಿಲೋ ನಾಯಿಗೆ ದಿನಕ್ಕೆ ಒಂದರಿಂದ ಒಂದೂಕಾಲು ಲೀಟರ್ ನೀರು ಬೇಕು, ಬಿಸಿಲಿಗೆ ಇನ್ನೂ ಹೆಚ್ಚು. ಸ್ಟೀಲ್ ಬೋಗುಣಿ ಬಿಸಿಲಲ್ಲಿ ಕಾದು ನೀರು ಮುಟ್ಟಲಾಗದಂತಾಗುತ್ತದೆ, ಮಣ್ಣಿನದು ತಂಪು ಹಿಡಿಯುತ್ತದೆ. ಅಂಗಳದ ಕಡಪ ಕಲ್ಲಿನ ಮೇಲೆ ನಿಮ್ಮ ಅಂಗೈಯ ಹಿಂಭಾಗವನ್ನು ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಆಗದು. ಹಗಲೆಲ್ಲ ಸುಟ್ಟ ನಾಯಿ ರಾತ್ರಿ ಎಚ್ಚರವಾಗಿ ಕಾಯುತ್ತದೆ ಎಂದು ಯಾರೂ ಎಣಿಸಬಾರದು. ಜೋಳದ ರೊಟ್ಟಿ, ಮಜ್ಜಿಗೆ ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ. ಮೊಟ್ಟೆ, ಬೇಳೆ, ಮಾಂಸ ಯಾವುದಾದರೂ ಜೊತೆಗೆ ಬೇಕು. ಈರುಳ್ಳಿ ಸೇರಿದ ಪಲ್ಯ ಬೇಡವೇ ಬೇಡ.

ನಾಯಿ ಸಾಕಲಾಗದವರು ‘ಸಿಸಿಟಿವಿ ನಿಗಾ ಇದೆ’ ಬೋರ್ಡು ಮತ್ತು ಕೆಂಪು ದೀಪ ಮಿನುಗುವ ನಕಲಿ ಕ್ಯಾಮೆರಾ ಹಾಕುತ್ತಾರೆ. ಆ ಮಿನುಗೇ ಗುಟ್ಟು ಬಿಟ್ಟುಕೊಡುತ್ತದೆ. ಸಾಮಾನ್ಯ ಕ್ಯಾಮೆರಾ ಹಾಗೆ ಮಿನುಗುವುದಿಲ್ಲ. ಕತ್ತಲಲ್ಲಿ ಅದರ ಇನ್ಫ್ರಾರೆಡ್ ದೀಪಗಳು ಮಂಕಾಗಿ, ಒಂದೇ ಸಮನೆ ಕೆಂಪಗೆ ಕಾಣುತ್ತವೆ, ಕೆಲವಲ್ಲಿ ಅದೂ ಕಾಣದು. ನಿಜವಾದ ಕ್ಯಾಮೆರಾ ಇದ್ದರೂ ರೆಕಾರ್ಡ್ ಆಗುವ ಡಿವಿಆರ್ ಪೆಟ್ಟಿಗೆ ಟಿವಿ ಪಕ್ಕದಲ್ಲೇ ಇದ್ದರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಪೆಟ್ಟಿಗೆಯನ್ನು ಕಣ್ಣಿಗೆ ಬೀಳದ ಕಡೆ ಕೀಲಿ ಹಾಕಿಡಿ, ಅದಕ್ಕೂ ರೌಟರಿಗೂ ಒಂದು ಸಣ್ಣ ಯುಪಿಎಸ್ ಕೊಡಿ. ಲೆನ್ಸಿನ ಮುಂದೆ ಜೇಡ ಬಲೆ ಕಟ್ಟುತ್ತದೆ, ದೀಪಕ್ಕೆ ಹುಳ ಬರುತ್ತವೆ ಎಂದು. ಗಣಿ ಧೂಳಿನ ಸಂಡೂರು, ತೋರಣಗಲ್ಲು ಕಡೆಯಂತೂ ಹದಿನೈದು ದಿನಕ್ಕೊಮ್ಮೆ ಒರೆಸದಿದ್ದರೆ ರಾತ್ರಿಯ ಚಿತ್ರದಲ್ಲಿ ಬಿಳಿ ಮಂಜಷ್ಟೇ ಉಳಿಯುತ್ತದೆ. ಆಳು ಸುಳಿದರೆ ಹತ್ತುವ ಸೆನ್ಸರ್ ಲೈಟಿಗೆ ನಮ್ಮ ಸೆಖೆಯೇ ಶತ್ರು. ಅದು ಹಿಡಿಯುವುದು ಮೈಯ ಬಿಸಿಗೂ ಹಿನ್ನೆಲೆಯ ಬಿಸಿಗೂ ಇರುವ ವ್ಯತ್ಯಾಸವನ್ನು. ಸಂಜೆ ಎಂಟಕ್ಕೂ ಗೋಡೆ 36 ಡಿಗ್ರಿ ಕಾದಿದ್ದರೆ ವ್ಯತ್ಯಾಸವೇ ಇಲ್ಲ. ಸುಮಾರು ಎಂಟಡಿ ಎತ್ತರದಲ್ಲಿ, ಬರುವವನು ಅದರೆದುರು ಅಡ್ಡಡ್ಡ ಹಾದುಹೋಗುವಂತೆ ಹಾಕಿ. ನೇರ ಎದುರಿಗೆ ನಡೆದು ಬರುವವನನ್ನು ಅದು ತಡವಾಗಿ ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಹೊರಗೆ ತೂಗುವ ಕೀಲಿ ಹಾಗೇ ಉಳಿದರೆ ಪ್ರಯೋಜನ ಕಡಿಮೆ. ಕೀಲಿ ಎಷ್ಟು ಗಟ್ಟಿಯಿದ್ದರೂ ಅದು ಹಿಡಿದುಕೊಂಡಿರುವ ಆಲ್ಡ್ರಾಪ್, ಅಂದರೆ ಬಾಗಿಲ ಹೊರಗಿನ ದೊಡ್ಡ ಚಿಲಕ, ಮುಕ್ಕಾಲಿಂಚಿನ ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಸಲಾಕಿ ತೂರಿಸಿ ಒಮ್ಮೆ ಮೀಟಿದರೆ ಸ್ಕ್ರೂ ಸಮೇತ ಎದ್ದು ಬರುತ್ತದೆ, ಕೀಲಿಗೆ ಗೀರೂ ಬೀಳುವುದಿಲ್ಲ. ಸ್ಕ್ರೂ ತೆಗೆಸಿ 8 ಮಿಲಿಮೀಟರ್ ಬೋಲ್ಟನ್ನು ಬಾಗಿಲ ಆರಪಾರ ಹಾಯಿಸಿ, ಒಳಗಡೆ ವಾಷರ್, ನಟ್ಟು ಬಿಗಿಸಬೇಕು. ಅದಕ್ಕಿಂತ ಒಳ್ಳೆಯದು ಬಾಗಿಲೊಳಗೇ ಅಡಗುವ ಇಂಟರ್‌ಲಾಕ್. ಮನೆಯವರು ಒಳಗಿದ್ದಾರೋ ಹೊರಗೋ ಎಂದು ಅದರಿಂದ ತಿಳಿಯುವುದಿಲ್ಲ. ಹಿತ್ತಿಲ ತಗಡಿನ ಬಾಗಿಲಿಗೂ ತಲೆಬಾಗಿಲಿನಷ್ಟೇ ಗಟ್ಟಿತನ ಬೇಕು. ನಮ್ಮ ಕಡೆಯ ಹಳೇ ಕೋಟೆಗಳನ್ನು ನೋಡಿ, ದಿಡ್ಡಿ ಬಾಗಿಲಿಗೂ ಕಾವಲು ಇಟ್ಟೇ ಕಟ್ಟಿದ್ದಾರೆ.

ಕೊನೆಗೆ ಊರಿಗೆ ಹೋಗುವ ದಿನಗಳು. ಕೊಪ್ಪಳದ ಗವಿಮಠದ ಜಾತ್ರೆ, ಹುಣ್ಣಿಮೆಗೆ ಹುಲಿಗೆಮ್ಮನ ಹುಲಿಗಿ, ಮಂತ್ರಾಲಯ, ಯುಗಾದಿ, ಮದುವೆ. ಮನೆ ಖಾಲಿಯಾಗುವ ದಿನ ಓಣಿಗೆಲ್ಲ ಗೊತ್ತಿರುತ್ತದೆ. ಠಾಣೆಗೆ ತಿಳಿಸಿ ಹೋಗಿ. ಒಡವೆ ಬ್ಯಾಂಕಿನ ಲಾಕರಿನಲ್ಲಿರಲಿ, ಅಲ್ಮೇರಾದ ಕೀಲಿಕೈ ಅಲ್ಮೇರಾದ ತಲೆಯ ಮೇಲೆ ಬೇಡ. ನಾಯಿಯನ್ನು ಖಾಲಿ ಮನೆಯಲ್ಲಿ ಕಟ್ಟಿ, ಮೂರು ದಿನದ ರೊಟ್ಟಿ ಒಟ್ಟಿಗೆ ಹಾಕಿ ಹೋಗುವವರಿದ್ದಾರೆ. ಅದು ಪಾಪದ ಕೆಲಸ. ಅದರಿಂದ ಕಾವಲೂ ಸಿಗದು, ಎರಡನೇ ದಿನಕ್ಕೆ ರೊಟ್ಟಿಗೆ ಇರುವೆ ಮುತ್ತಿರುತ್ತವೆ, ನೀರು ಬತ್ತಿರುತ್ತದೆ, ಕೂಗಿ ಕೂಗಿ ಗಂಟಲು ಬಿದ್ದಿರುತ್ತದೆ.

ಬದಲಿಗೆ ಪಕ್ಕದ ಮನೆಯವರಿಗೆ ಕೀಲಿಕೈ ಕೊಡಿ. ನಾಯಿ ಅವರಿಗೆ ಮೊದಲೇ ಒಗ್ಗಿರಬೇಕು, ಹಾಗಾಗಿ ಹೋಗುವ ವಾರದ ಮುಂಚಿನಿಂದ ಸಂಜೆಯ ಊಟವನ್ನು ಅವರ ಕೈಯಿಂದಲೇ ಹಾಕಿಸಿ. ಊಟದ ಅಳತೆ, ವೈದ್ಯರ ಫೋನ್ ನಂಬರು, ನಳದ ನೀರು ಬರುವ ದಿನ ಒಂದು ಚೀಟಿಯಲ್ಲಿರಲಿ. ನಾಯಿಗೆ ಊಟ ಹಾಕಲು ಅವರು ಬೆಳಗ್ಗೆ ಆರಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಬರುತ್ತಾರೆ. ಬಂದವರು ಗೇಟಿನ ಪೇಪರ್ ತೆಗೆಯುತ್ತಾರೆ, ಹೊರಗಿನ ಲೈಟು ಹಾಕುತ್ತಾರೆ, ಆರಿಸುತ್ತಾರೆ, ನಾಯಿಯ ಬೋಗುಣಿ ತೊಳೆದ ನೀರನ್ನು ಅಂಗಳಕ್ಕೆ ಚೆಲ್ಲುತ್ತಾರೆ. ಹೋಗುವ ಮುನ್ನ ಕಟ್ಟೆಯ ಮೇಲೆ ಒಂದು ಡಬ್ಬಿ ರಂಗೋಲಿ ಪುಡಿಯನ್ನೂ ಇಟ್ಟು ಹೋಗಿ. ಒದ್ದೆ ಅಂಗಳದಲ್ಲಿ ಅವರು ನಾಲ್ಕೆಳೆ ಎಳೆದರೆ ಸಾಕು.